ಕಳೆ ಮೊದಲು ಹುಟ್ಟಿಸಿದೆ, ರಾಗಿ ಆಮೇಲೆ ಬಿತ್ತಿದೆ

2025ರಲ್ಲಿ ನಮ್ಮ ಐದು ಎಕರೆ ರಾಗಿಗೆ ಕಳೆ ಕೀಳಲು ಕರೆದದ್ದು ಒಟ್ಟು ಮೂವತ್ತು ಆಳು. ಅದೂ ಒಂದೇ ಸಲ. 2019ರಲ್ಲಿ ಇದೇ ಹೊಲಕ್ಕೆ ನೂರು ಆಳು ದಾಟಿತ್ತು. ಎರಡು ಸಲ ಕಿತ್ತರೂ ಕೊಯ್ಲಿನ ಹೊತ್ತಿಗೆ ಅಣ್ಣೆಸೊಪ್ಪು ಅನ್ನೋ ಕಳೆಯ ಹೂವು ತೆನೆಗಿಂತ ಎತ್ತರಕ್ಕೆ ನಿಂತಿರುತ್ತಿತ್ತು. ದಾರೀಲಿ ಹೋಗುವವರು "ಏನು, ಹೂವಿನ ತೋಟ ಮಾಡಿದೀರಾ" ಅಂತ ಕೇಳುತ್ತಿದ್ದರು. ಆ ಮಾತು ಚುಚ್ಚುತ್ತಿತ್ತು.

ನಮ್ಮದು ಅರಸೀಕೆರೆ ತಾಲ್ಲೂಕು, ಜಾವಗಲ್ ಕಡೆ. ಕೆಂಪು ಮಣ್ಣು, ಅಲ್ಲಲ್ಲಿ ಗೊರಜು. ಬೋರ್‌ವೆಲ್ ನೀರು ತೆಂಗಿಗೇ ಸಾಲದು, ರಾಗಿ ಪೂರ್ತಿ ಮಳೆ ನಂಬಿಕೊಂಡೇ. ಅವರೆ, ತೊಗರಿ, ಹುಚ್ಚೆಳ್ಳು ರಾಗಿ ನಡುನಡುವೆ ಅಕ್ಕಡಿ ಸಾಲಿನಲ್ಲಿ ಹಾಕುತ್ತೇವೆ. ರಾಗಿ ತಳಿ ಜಿಪಿಯು-28, ಮಳೆ ತಡವಾದರೆ ಎಂಎಲ್-365.

"ಬಿತ್ತೋಕೆ ಮುಂಚೆ ಕಳೆನ ಬೇಕಂತಲೇ ಹುಟ್ಟಿಸ್ತೀನಿ" ಅಂದಾಗ ನಮ್ಮ ಭಾವ ನನ್ನ ಮುಖ ನೋಡಿದರು. "ಕೃತ್ತಿಕೆ ಮಳೆಗೆ ಹೆಸರುಕಾಳು ಹಾಕೋ ಹೊಲನ ಸುಮ್ನೆ ಬಿಟ್ಕೊಂಡು ಕೂತಿರ್ತೀಯಾ? ಊರವರು ಏನಂತಾರೆ?" ಅಂದರು. ಕೃತ್ತಿಕೆ ಅಂದರೆ ಮೇ ನಡುವಿನ ಮಳೆ. ಊರವರು ಅಂದದ್ದು ಇನ್ನೂ ಜಾಸ್ತಿ. ಈಗ ಸರಿಯಾಗಿ ಕೈಹಿಡಿದ ಎರಡು ಮುಂಗಾರಿನ ಲೆಕ್ಕ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿಕೊಂಡ ಎಡವಟ್ಟುಗಳನ್ನು ಹೇಳಬೇಕು.

ಒಂದು, ರೋಟವೇಟರ್. 2017ರಲ್ಲೋ 18ರಲ್ಲೋ ನಮ್ಮ ಕಡೆ ಎಲ್ಲರೂ ಅದರ ಹಿಂದೆ ಬಿದ್ದರು, ನಾನೂ ಬಿದ್ದೆ. ಗಂಟೆಗೆ ಸಾವಿರ ಕೊಟ್ಟು ಹೊಡೆಸಿದೆ. ಹೊಲ ನೋಡಿದರೆ ಹಿಟ್ಟು ಜರಡಿ ಹಿಡಿದ ಹಾಗೆ. ತೆಂಗಿನ ಪಕ್ಕದ ಬದುವಿನಲ್ಲಿ ಗರಿಕೆ ಇತ್ತು, ಅದನ್ನೂ ಸೇರಿಸಿ ಹೊಡೆದರು. ಗರಿಕೆಯ ಒಂದೊಂದು ಗೆಣ್ಣೂ ಒಂದೊಂದು ಗಿಡ ಅಲ್ವಾ? ಚೂರು ಚೂರು ಮಾಡಿ ಇಡೀ ಹೊಲಕ್ಕೆ ಬಿತ್ತಿದ ಹಾಗಾಯಿತು. ಎರಡು ಗುಂಟೆಯಲ್ಲಿದ್ದ ಗರಿಕೆ ಮುಂದಿನ ವರ್ಷ ಮುಕ್ಕಾಲು ಎಕರೆಗೆ ಹಬ್ಬಿತು.

ಎರಡು, ಕೆರೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು. ಮಣ್ಣಿಗೆ ಒಳ್ಳೇದು ಅಂತ ನಲವತ್ತು ಟ್ರ್ಯಾಕ್ಟರ್ ಲೋಡು ಹೊಡೆಸಿದೆ. ಸುಮಾರು ಹದಿನಾರು ಸಾವಿರ ಆಯಿತು. ಮಣ್ಣಿಗೆ ಒಳ್ಳೇದೇ ಆಯಿತು, ಇಲ್ಲ ಅನ್ನೋದಿಲ್ಲ. ಆದರೆ ಜೇಕು ಅನ್ನೋ ಹುಲ್ಲಿನಂಥ ಕಳೆಯ ಗಡ್ಡೆ ಅದರ ಜೊತೆಗೇ ಬಂತು. ನಮ್ಮ ಹೊಲದಲ್ಲಿ ಅಲ್ಲಿವರೆಗೆ ಜೇಕು ಇರಲೇ ಇಲ್ಲ. ಈಗಲೂ ಉತ್ತರದ ಮೂಲೆಯಲ್ಲಿ ಹತ್ತು ಗುಂಟೆ ಅದರದ್ದೇ ರಾಜ್ಯ.

ಮೂರು, ಔಷಧಿ. ಟು-ಫೋರ್-ಡಿ ಅನ್ನೋ ಕಳೆನಾಶಕ ಹೊಡೆದೆ. ಅಗಲ ಎಲೆ ಕಳೆ ಸುಟ್ಟಿತು, ನಿಜ. ಅಕ್ಕಡಿಯ ಅವರೆ, ತೊಗರಿಗೂ ಅಗಲ ಎಲೆಯೇ. ಮೂರನೇ ದಿನಕ್ಕೆ ಅವರೆ ಕುಡಿ ಮುರುಟಿಕೊಂಡು ಹಗ್ಗದ ಹಾಗೆ ತಿರುಚಿಕೊಂಡಿತ್ತು. ಆ ವರ್ಷ ಮನೆಗೆ ಹಿದುಕವರೆ ಕೊಂಡು ತಂದೆವು. ಇನ್ನು ಕಾಡುರಾಗಿ, ಅದು ಹುಲ್ಲಿನ ಜಾತಿ, ಅದಕ್ಕೆ ಏನೂ ಆಗಲಿಲ್ಲ. ಅಂಗಡಿಯವರು ಅಕ್ಕಡಿ ಇದೆಯಾ ಅಂತ ಕೇಳಲಿಲ್ಲ, ನಾನು ಹೇಳಲಿಲ್ಲ.

ದಾರಿ ಸಿಕ್ಕಿದ್ದು 2020ರಲ್ಲಿ, ಅದೂ ಆಕಸ್ಮಿಕವಾಗಿ. ಮೇ ಕೊನೆಯ ರೋಹಿಣಿ ಮಳೆಗೆ ಹೊಲ ಹಸನು ಮಾಡಿ ಕೊರಡು (ಮಣ್ಣು ಸಮ ಮಾಡುವ ಮರದ ದಿಮ್ಮಿ) ಹೊಡೆದು ಮುಗಿಸಿದ್ದೆವು. ಆಗಲೇ ಅಪ್ಪನಿಗೆ ಹುಷಾರು ತಪ್ಪಿತು. ಹಾಸನಕ್ಕೆ ಓಡಾಡಿ ಹದಿನೈದು ದಿನ ಹೋಯಿತು. ವಾಪಸ್ ಬಂದು ನೋಡಿದರೆ ಹೊಲವೆಲ್ಲ ಹಸಿರು ಚಾಪೆ. ಮತ್ತೆ ಕಲ್ಟಿವೇಟರ್ ಹೊಡೆಸಲು ದುಡ್ಡಿರಲಿಲ್ಲ, ಆಸ್ಪತ್ರೆಗೆ ಖರ್ಚಾಗಿತ್ತು. ಪಕ್ಕದ ಹೊಲದವರ ಎತ್ತು ಕೇಳಿ ಒಂದೂವರೆ ಎಕರೆಗೆ ಕುಂಟೆ (ಮೇಲ್ಮಣ್ಣು ಕೆರೆಯುವ ಅಲಗು) ಹೊಡೆದು ಕೂರಿಗೆಯಲ್ಲಿ (ಸಾಲು ಹಿಡಿದು ಬಿತ್ತುವ ಸಾಧನ) ಬಿತ್ತಿದೆ. ಉಳಿದದ್ದಕ್ಕೆ ನಾಲ್ಕು ದಿನ ಬಿಟ್ಟು ಸಾಲ ತಂದು ಕಲ್ಟಿವೇಟರ್ ಹೊಡೆಸಿದೆ. ತಿಂಗಳು ಕಳೆದ ಮೇಲೆ ಬದುವಿನ ಮೇಲೆ ನಿಂತು ನೋಡಿದರೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಕುಂಟೆ ಹೊಡೆದ ಕಡೆ ರಾಗಿ ಸಾಲು ಬಿಡಿ ಬಿಡಿಯಾಗಿ ನಿಂತಿದೆ. ದುಡ್ಡು ಜಾಸ್ತಿ ಹಾಕಿದ ಕಡೆ ಸಾಲೇ ಕಾಣದು.

ಅಪ್ಪ ಮಂಚದ ಮೇಲೆ ಕೂತೇ ಹೇಳಿದರು. "ನಮ್ಮಪ್ಪನ ಕಾಲ್ದಲ್ಲಿ ಮೂರು ಮಳೆಗೆ ಮೂರು ಕುಂಟೆ ಹೊಡೆದೇ ಕೂರಿಗೆ ಹೂಡ್ತಿದ್ದದ್ದು ಕಣೋ. ಟ್ರ್ಯಾಕ್ಟರ್ ಬಂದ್ಮೇಲೆ ಒಂದೇ ದಿನದಲ್ಲಿ ಎಲ್ಲಾ ಮುಗಿಸೋದು ಕಲ್ತ್ರಿ."

ಅದರ ಕಾರಣ ಇಷ್ಟೇ. ಅಣ್ಣೆಸೊಪ್ಪು, ಕಾಡುರಾಗಿಯ ಬೀಜ ಸಣ್ಣದು. ಮೇಲಿನ ಒಂದೆರಡು ಇಂಚಿನಲ್ಲಿ ಇರೋದು ಮಾತ್ರ ಹುಟ್ಟುತ್ತದೆ. ಆಳದಲ್ಲಿ ಇರೋದು ವರ್ಷಗಟ್ಟಲೆ ಮಲಗಿರುತ್ತದೆ. ಮೇಲಿನದ್ದನ್ನು ಹುಟ್ಟಿಸಿ ಕೊಂದರೆ ಮೇಲಿನ ಪದರ ಖಾಲಿ. ಬಿತ್ತುವ ದಿನ ಕಲ್ಟಿವೇಟರ್ ಹೊಡೆದರೆ ಕೆಳಗೆ ಮಲಗಿದ್ದನ್ನು ಕೈಯಾರೆ ಎಬ್ಬಿಸಿ ಮೇಲೆ ತಂದ ಹಾಗೆ. ನಮ್ಮ ಕಡೆ ಈಗಲೂ ನೂರಕ್ಕೆ ತೊಂಬತ್ತು ಜನ ಬಿತ್ತುವ ದಿನವೇ ಹೊಡೆಸುತ್ತಾರೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಾನು ಮಾಡೋದು ಹೀಗೆ. ಆಳ ಉಳುಮೆ ಏನಿದ್ದರೂ ಭರಣಿ ಮಳೆಯೊಳಗೆ, ಮೇ ಹತ್ತರ ಒಳಗೆ, ಮುಗಿಯಬೇಕು. ಗರಿಕೆ ಇದ್ದ ಜಾಗಕ್ಕೆ ಮಾತ್ರ ಎಂಬಿ ನೇಗಿಲು (ಮಣ್ಣು ಮಗುಚಿ ಹಾಕುವ ನೇಗಿಲು) ಹಾಕಿ ಬೇರು ಬಿಸಿಲಿಗೆ ಕೆಡವುತ್ತೇನೆ, ಮನೆಯವರೆಲ್ಲ ಸೇರಿ ಆಯ್ದು ಬದುವಿಗೆ ಹಾಕಿ ಒಣಗಿಸಿ ಸುಡುತ್ತೇವೆ. ಕೃತ್ತಿಕೆಯಲ್ಲಿ ಗೊಬ್ಬರ ಚೆಲ್ಲಿ ಕಲ್ಟಿವೇಟರ್ ಅಡ್ಡ ಉದ್ದ, ಆಮೇಲೆ ಕೊರಡು. ಬಿತ್ತನೆಗೆ ಒಂದೂವರೆ ತಿಂಗಳು ಇರುವಾಗಲೇ ಹೊಲ ನಾಳೆ ಬಿತ್ತುವ ಹಾಗೆ ತಯಾರು. ಕೊರಡು ಬಿಡಬಾರದು. ಮಣ್ಣು ಅಮುಕಿಕೊಂಡರೇ ಕಳೆ ಒಟ್ಟಿಗೆ ಹುಟ್ಟೋದು. ಹೆಂಟೆ ಇದ್ದರೆ ಇವತ್ತು ನಾಲ್ಕು, ನಾಳೆ ನಾಲ್ಕು ಅಂತ ಹುಟ್ಟಿ ಸತಾಯಿಸುತ್ತದೆ. ಆಮೇಲೆ ರೋಹಿಣಿಗೆ ಒಂದು ಕುಂಟೆ, ಮೃಗಶಿರಕ್ಕೆ ಒಂದು, ಆರಿದ್ರದ ಕೊನೆಗೆ ಅಥವಾ ಪುನರ್ವಸು ಮೊದಲಲ್ಲಿ, ಜುಲೈ ಮೊದಲ ವಾರದ ಹೊತ್ತಿಗೆ, ಮೂರನೇದು, ಅದರ ಹಿಂದೆಯೇ ಕೂರಿಗೆ.

ಕುಂಟೆ ಯಾವ ದಿನ ಹೊಡೆಯಬೇಕು ಅನ್ನೋದೇ ಇಲ್ಲಿ ಮುಖ್ಯ. ಹೊಲ ಹಸಿರಾಗಿ ಕಂಡಿತು ಅಂದರೆ ಆಗಲೇ ತಡ. ಮಳೆ ಬಿದ್ದ ನಾಲ್ಕನೇ ದಿನದಿಂದ ಬೆಳಗ್ಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಬೆರಳಲ್ಲಿ ಮಣ್ಣು ಕೆರೆದು ನೋಡುತ್ತೇನೆ. ಮೇಲೆ ಬರೀ ಕೆಂಪು ಮಣ್ಣು, ಏನೂ ಕಾಣದು. ಅರ್ಧ ಬೆರಳು ಕೆರೆದರೆ ಬಿಳಿ ದಾರದ ತುಂಡುಗಳು. ಅಣ್ಣೆಸೊಪ್ಪಿನದ್ದಾದರೆ ದಾರದ ತುದಿಯಲ್ಲಿ ಕರ್ರಗೆ ಮಿಂಚುವ ಬೀಜದ ಸಿಪ್ಪೆ ಇನ್ನೂ ಟೋಪಿ ಹಾಕಿಕೊಂಡ ಹಾಗೆ ಅಂಟಿರುತ್ತದೆ. ಅಂಗೈಯಷ್ಟು ಜಾಗದಲ್ಲಿ ಇಪ್ಪತ್ತು, ಮೂವತ್ತು. ಆ ದಾರ ಬಿಸಿಲಿಗೆ ಬಿದ್ದರೆ ಅರ್ಧ ಗಂಟೆ ಸಾಕು, ಒಣಗಿ ಮಾಯ. ಆ ದಿನ ಹತ್ತು ಗಂಟೆಯ ಬಿಸಿಲು ನೋಡಿಕೊಂಡು ಕುಂಟೆ ಹೊಡೆಯಬೇಕು. ಮೋಡ ಇದ್ದರೆ ಒಂದು ದಿನ ಕಾಯುತ್ತೇನೆ. ಮೂರು, ನಾಲ್ಕು ಎಲೆ ಬಂದ ಮೇಲೆ ಹೊಡೆದರೆ ಅರ್ಧಕ್ಕರ್ಧ ಮತ್ತೆ ಬೇರು ಬಿಟ್ಟು ನಿಲ್ಲುತ್ತದೆ.

ಕುಂಟೆ ನಾನೇ ಮಾಡಿಸಿದ್ದು. ಎತ್ತು ಮಾರಿ ಆರು ವರ್ಷ ಆಯಿತು. ಇರೋದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್. ಬಾಣಾವರದಲ್ಲಿ ವೆಲ್ಡಿಂಗ್ ಮಾಡಿಸಿ ಹಳೇ ಕಲ್ಟಿವೇಟರ್ ಚೌಕಟ್ಟಿಗೆ ಲಾರಿಯ ಸ್ಪ್ರಿಂಗ್ ಪಟ್ಟಿಯ ಅಲಗು ಕೂರಿಸಿದೆ. ಐದೂವರೆ ಅಡಿ ಅಗಲ. ಎರಡು ಕಡೆ ಸಣ್ಣ ಚಕ್ರ, ಆಳ ಒಂದೂವರೆ ಇಂಚು ದಾಟದ ಹಾಗೆ. ಎಲ್ಲಾ ಸೇರಿ ಏಳು ಸಾವಿರದ ಹತ್ತಿರ. ಮೊದಲ ಸಲ ಅಲಗು ಮಣ್ಣನ್ನು ಗುಡ್ಡೆ ಹಾಕಿಕೊಂಡು ಎಳೆಯಿತು. ಎರಡನೇ ಸಲ ಮಣ್ಣಿನ ಮೇಲೆ ಜಾರಿಕೊಂಡೇ ಹೋಯಿತು. ಮೂರನೇ ಸಲ ಓರೆ ಸರಿ ಕೂತಿತು. ಆ ಓರೆ ಎಷ್ಟು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಮೂರು ಸಲ ಕಿತ್ತು ಹಾಕಿಸಿ ಕಲಿತದ್ದು, ನನ್ನ ಹತ್ತಿರವೇ ಇರಲಿ. ಟ್ರ್ಯಾಕ್ಟರ್ ಚಕ್ರ ಅಮುಕಿದ ಜಾಡಿನಲ್ಲಿ ಕಳೆ ತಪ್ಪಿಸಿಕೊಳ್ಳದಂತೆ ಒಂದು ಉಪಾಯ ಮಾಡಿದ್ದೇನೆ, ಅದೂ ಹಾಗೆಯೇ.

ಎಲ್ಲಾ ವರ್ಷ ಸುಸೂತ್ರ ಆಗಲಿಲ್ಲ. 2021ರಲ್ಲಿ ಎರಡು ಎಕರೆಗೆ ಮಾಡಿದೆ, ಪರವಾಗಿಲ್ಲ ಅನಿಸಿತು. ಧೈರ್ಯ ಮಾಡಿ 2022ರಲ್ಲಿ ಐದೂ ಎಕರೆಗೆ ಹೊರಟೆ. ಮೇ ತಿಂಗಳಿಂದಲೇ ಮಳೆ ಬಿಡಲಿಲ್ಲ. ಹೊಲಕ್ಕೆ ಕಾಲಿಟ್ಟರೆ ಮೊಣಕಾಲಿನ ಹತ್ತಿರ ಹೂತುಕೊಳ್ಳುತ್ತಿತ್ತು, ಇನ್ನು ಟ್ರ್ಯಾಕ್ಟರ್ ಎಲ್ಲಿ. ಕಳೆ ಮಂಡಿ ಎತ್ತರ ಬಂತು. ಕೊನೆಗೆ ಬ್ರಷ್ ಕಟರ್ ಬಾಡಿಗೆಗೆ ತಂದು ಕತ್ತರಿಸಿ, ಕಲ್ಟಿವೇಟರ್ ಹೊಡೆಸಿ, ಜುಲೈ ಕೊನೆಯ ಪುಷ್ಯ ಮಳೆಯಲ್ಲಿ ಬಿತ್ತಿದೆ. ಕಳೆಗೇ ಮೂವತ್ತೈದು ಸಾವಿರ ಹೋಯಿತು. ಆ ವರ್ಷ ಭಾವ ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋವಾಯಿತು.

2023 ಬರಗಾಲ. ಹುಟ್ಟಿಸೋಣ ಅಂದರೆ ಕಳೆಯೂ ಹುಟ್ಟಲಿಲ್ಲ. ಜೂನ್ ಪೂರ್ತಿ ಆಕಾಶ ನೋಡಿದೆ. ಬೆದೆ (ಬಿತ್ತಲು ಬೇಕಾದ ಹಸಿ) ಸಿಕ್ಕಿದ ದಿನ ಬಿತ್ತಿದೆ, ಎಕರೆಗೆ ಮೂರು ಕ್ವಿಂಟಲ್ ಬಂತೋ ಇಲ್ಲವೋ. ಹುಲ್ಲಾದರೂ ದನಕ್ಕೆ ಆಯಿತು. ಆದರೆ ಒಂದು ಕಲಿತೆ. ಕುಂಟೆ ಹೊಡೆದ ಹೊಲದಲ್ಲಿ ಮೇಲಿನ ಪುಡಿ ಮಣ್ಣು ಹೊದಿಕೆಯ ಹಾಗೆ ಕೂತು ಕೆಳಗಿನ ಹಸಿ ಆರದಂತೆ ಹಿಡಿದಿತ್ತು. ಪಕ್ಕದ ಹೊಲಕ್ಕಿಂತ ನಮ್ಮ ಪೈರು ಒಂದು ವಾರ ತಡವಾಗಿ ಬಾಡಿತು.

ಈಗ ನಿಯಮ ಇಟ್ಟುಕೊಂಡಿದ್ದೇನೆ. ಪುನರ್ವಸು ಹದಕ್ಕೆ ಬಂದರೆ ಎರಡೇ ಕುಂಟೆ ಆಗಿದ್ದರೂ ಬಿತ್ತಿಬಿಡೋದು. ಮೂರನೇದಕ್ಕೆ ಕಾದು ಬೆದೆ ಕಳೆದುಕೊಳ್ಳೋದಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಅರ್ಧ ಎಕರೆಗೆ ಹಸಿರೆಲೆ ಗೊಬ್ಬರದ ಅಪ್ಸೆಣಬು ಚೆಲ್ಲಿದೆ. ಅದರ ನೆರಳಿಗೆ ಕಳೆ ತಲೆ ಎತ್ತಲಿಲ್ಲ, ನೋಡಲು ಖುಷಿ. ಆದರೆ ಉತ್ತು ಸೇರಿಸಿ ಕೊಳೆಯುವವರೆಗೆ ಕಾಯಬೇಕು, ಉಳುಮೆಯಲ್ಲಿ ಕೆಳಗಿನ ಕಳೆ ಬೀಜ ಮತ್ತೆ ಮೇಲೆ. ನನ್ನ ಲೆಕ್ಕಕ್ಕೆ ಹೊಂದಲಿಲ್ಲ, ತೆಂಗಿನ ತೋಟಕ್ಕೆ ವರ್ಗ ಮಾಡಿದೆ, ಅಲ್ಲಿ ಚೆನ್ನಾಗಿದೆ. ಕುರಿ ಮಂದೆ ನಿಲ್ಲಿಸಿದ ವರ್ಷ ಆ ಜಾಗದಲ್ಲೇ ಜಾಲಿ ಸಸಿ ಎದ್ದವು. ಕುರಿ ಜಾಲಿ ಕಾಯಿ ತಿಂದು ಬಂದಿರುತ್ತದೆ, ಬೀಜ ಹಿಕ್ಕೆಯಲ್ಲಿ ಹಾಗೇ ಬೀಳುತ್ತದೆ. ಮಂದೆ ಬೇಡ ಅನ್ನೋದಿಲ್ಲ, ಮಾಗಿಯಲ್ಲೇ ನಿಲ್ಲಿಸಿದರೆ ಹುಟ್ಟಿದ್ದು ಕುಂಟೆಗೆ ಸಿಗುತ್ತದೆ. ತಿಪ್ಪೆ ಗೊಬ್ಬರವೂ ಅಷ್ಟೇ. ಅರೆಬರೆ ಕೊಳೆತದ್ದು ಹಾಕಿದರೆ ಕಳೆ ಬೀಜ ನಾವೇ ಬಿತ್ತಿದ ಹಾಗೆ. ಈಗ ಒಂದು ಮಳೆಗಾಲ ದಾಟಿದ ಗೊಬ್ಬರ ಮಾತ್ರ ಹೊಲಕ್ಕೆ.

ಸಾಲಿನೊಳಗಿನ ಕಳೆಗೆ ಕೈಯೇ ಗತಿ. ಕಾಡುರಾಗಿ ಎಳೆಯದಿದ್ದಾಗ ರಾಗಿಯ ಅಣ್ಣತಮ್ಮನ ಹಾಗೆ ಇರುತ್ತದೆ. ನಮ್ಮ ಹೊಲಕ್ಕೆ ಬರುವ ಹೆಂಗಸರಲ್ಲಿ ಹಿರಿಯಕ್ಕ ಒಬ್ಬರು ಹೊಸಬರಿಗೆ ಹೇಳಿಕೊಡುತ್ತಾರೆ. ಬುಡ ಎರಡು ಬೆರಳಲ್ಲಿ ಹಿಡಿದು ನೋಡು, ಚಪ್ಪಟೆಯಾಗಿ ಬೆಳ್ಳಗಿದ್ದರೆ ಕಿತ್ತುಹಾಕು ಅಂತ. ಅವರು ಹೇಳಿಕೊಟ್ಟ ಮೇಲೆ ನಮ್ಮ ಹೊಲದಲ್ಲಿ ತಪ್ಪಿ ರಾಗಿ ಕೀಳೋದು ನಿಂತಿದೆ.

ದುಡ್ಡಿನ ಲೆಕ್ಕ, ನೆನಪಿನಿಂದ. 2019ರಲ್ಲಿ ಕೂಲಿ ಮುನ್ನೂರು, ನೂರೈದು ಆಳು, ಹತ್ತಿರ ಹತ್ತಿರ ಮೂವತ್ತೆರಡು ಸಾವಿರ. ರಾಗಿ ಎಕರೆಗೆ ಏಳೆಂಟು ಕ್ವಿಂಟಲ್. 2025ರಲ್ಲಿ ಕೂಲಿ ನಾನೂರು, ಮೂವತ್ತು ಆಳು, ಹನ್ನೆರಡು ಸಾವಿರ. ಮೂರು ಕುಂಟೆಗೆ ಡೀಸೆಲ್ ಮೂರು ಸಾವಿರ. ಬಿತ್ತಿದ ಮೇಲೆ ಎರಡು ಸಲ ಸಾಲಿನ ನಡುವೆ ಹೊಡೆಯುವ ಎಡೆಕುಂಟೆಗೆ ಪಕ್ಕದವರ ಎತ್ತಿನ ಬಾಡಿಗೆ ಆರು ಸಾವಿರ. ಒಟ್ಟು ಇಪ್ಪತ್ತೊಂದು. ರಾಗಿ 2024ರಲ್ಲಿ ಎಕರೆಗೆ ಹನ್ನೊಂದು ಕ್ವಿಂಟಲ್, 2025ರಲ್ಲಿ ಹನ್ನೆರಡು ಮುಟ್ಟಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 2024-25ಕ್ಕೆ 4,290 ರೂಪಾಯಿ ಇತ್ತು, 2025-26ಕ್ಕೆ 4,886. ಮೂರು ನಾಲ್ಕು ಕ್ವಿಂಟಲ್ ಜಾಸ್ತಿ ಅಂದರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಹೆಸರುಕಾಳು ಬಿಟ್ಟದ್ದು ನಷ್ಟ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಷ್ಟವೇ. ಚೆನ್ನಾಗಿ ಬಂದ ವರ್ಷ ಎಕರೆಗೆ ಎರಡು ಕ್ವಿಂಟಲ್ ಸಿಗುತ್ತಿತ್ತು. ಆದರೆ ಐದು ವರ್ಷದಲ್ಲಿ ಎರಡು ವರ್ಷ ಕಾಯಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದು ಗಿಡದಲ್ಲೇ ಮೊಳೆಯುತ್ತಿತ್ತು. ಹೆಸರಿನ ಅಡಿಯಲ್ಲಿ ಬೆಳೆದ ಕಳೆ ಬೀಜ ಉದುರಿಸಿಯೇ ಹೋಗುತ್ತಿತ್ತು. ಈಗ ಒಂದು ಎಕರೆಗೆ ಮಾತ್ರ ಹೆಸರು, ಪ್ರತಿ ವರ್ಷ ಜಾಗ ಬದಲಾಯಿಸುತ್ತೇನೆ.

ಅವ್ವ ಒಂದು ದೂರು ಹೇಳಿದಳು. ಬೆರಕೆ ಸೊಪ್ಪಿಗೆ ಅಣ್ಣೆ ಸಿಗುತ್ತಿಲ್ಲ ಅಂತ. ಮನೆ ಹತ್ತಿರದ ಬದುವಿನ ಪಕ್ಕ ಒಂದು ಗುಂಟೆ ಕುಂಟೆ ಹಾಕದೆ ಬಿಟ್ಟಿದ್ದೇನೆ. ಹೂವು ಬಿಡುವ ಮುಂಚೆ ಎಲ್ಲಾ ಕುಯ್ದುಬಿಡಬೇಕು ಅನ್ನೋದು ಒಪ್ಪಂದ. ಅವ್ವ ಇದುವರೆಗೆ ತಪ್ಪಿಲ್ಲ.

ಜೇಕಿಗೆ ಈ ದಾರಿ ಹತ್ತೋದಿಲ್ಲ. ಅದರ ಗಡ್ಡೆ ಕುಂಟೆಯ ಅಲಗಿಗಿಂತ ಎಷ್ಟೋ ಕೆಳಗೆ. ಕೊಯ್ದಷ್ಟೂ ಚಿಗುರುತ್ತದೆ. ಆ ಹತ್ತು ಗುಂಟೆಗೆ ಈ ಬೇಸಿಗೆ ಎರಡು ಸಲ ಎಂಬಿ ನೇಗಿಲು ಹಾಕಿ ಗಡ್ಡೆ ಒಣಗಿಸುತ್ತಿದ್ದೇನೆ. ಆಯ್ದು ತೆಗೆದದ್ದೇ ಮೂರು ಚೀಲ ಆಗಿದೆ. ಮುಂಗಾರಿಗೆ ಅಲ್ಲಿ ರಾಗಿ ಬೇಡ, ಹುರುಳಿ ದಟ್ಟವಾಗಿ ಚೆಲ್ಲಿ ನೆರಳು ಮಾಡಿಸಿ ನೋಡಬೇಕು ಅಂತಿದ್ದೇನೆ. ಜೇಕಿಗೆ ನೆರಳು ಆಗೋದಿಲ್ಲ. ಯಾರಾದರೂ ಔಷಧಿ ಇಲ್ಲದೆ ಜೇಕು ಗೆದ್ದಿದ್ದರೆ ತಿಳಿಸಿ. ಕುಂಟೆ ನೋಡಬೇಕು ಅನ್ನುವವರು ರೋಹಿಣಿ ಮಳೆ ಆದ ಐದನೇ ದಿನ ಬನ್ನಿ, ಹೊಲದಲ್ಲೇ ಇರುತ್ತೇನೆ.