ಹಳೆಯ ಅಮೆರಿಕನ್ ಸಿನಿಮಾ ಕಾಪಿರೈಟ್‌ನಿಂದ ಬಿಡುಗಡೆಯಾಗಿದೆಯೇ? ಪತ್ತೆ ಹಚ್ಚುವುದು ಹೀಗೆ

ಚಿತ್ರ ತೆರೆಕಂಡ ವರ್ಷಕ್ಕೆ 95 ಕೂಡಿಸಿ. ಆ ವರ್ಷದ ಡಿಸೆಂಬರ್ 31 ಕಳೆದಿದ್ದರೆ ಅಮೆರಿಕದಲ್ಲಿ ಅದರ ಕಾಪಿರೈಟ್ ಮುಗಿದಂತೆಯೇ. ಇನ್ನೂ ಕಳೆಯದ, 1963ರೊಳಗಿನ ಚಿತ್ರಗಳಿಗೆ ಮಾತ್ರ ನವೀಕರಣದ ಹುಡುಕಾಟ ಬೇಕು. ಆಗ ಹಕ್ಕು ಸಿಗುತ್ತಿದ್ದುದು 28 ವರ್ಷಕ್ಕೆ. 28ನೇ ವರ್ಷದಲ್ಲಿ ಅರ್ಜಿ ಹಾಕದಿದ್ದರೆ ಅಲ್ಲಿಗೇ ಮುಗಿಯಿತು. 1964ರಿಂದ 1977ರವರೆಗಿನವು ತಾವಾಗಿಯೇ ನವೀಕರಣಗೊಂಡಿವೆ.

ಎಣಿಕೆಗೆ ಮುನ್ನ ಚಿತ್ರದ ಹೆಸರು ತೋರುವ ಟೈಟಲ್ ಕಾರ್ಡ್ ನಿಲ್ಲಿಸಿ ಓದಿ. ವರ್ಷ ಹೆಚ್ಚಾಗಿ ರೋಮನ್ ಅಂಕಿಗಳಲ್ಲಿರುತ್ತದೆ. ಎಂಸಿಎಂಎಕ್ಸ್‌ಎಲ್ ಎಂದರೆ 1940. ಅದು ತೆರೆಕಂಡ ವರ್ಷಕ್ಕಿಂತ ಹಿಂದಿನದಾದರೆ 28ನ್ನು ಕಾರ್ಡಿನ ವರ್ಷದಿಂದಲೇ ಎಣಿಸಬೇಕು. ಕಾಪಿರೈಟ್ ಸಾಲೇ ಇಲ್ಲವೆಂದರೆ ಅದೂ ದೊಡ್ಡ ಸುಳಿವು: 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್' ಚಿತ್ರದ ಹೆಸರು ಬದಲಿಸುವಾಗ ಹಳೆಯ ಕಾರ್ಡಿನ ಜತೆ ಆ ಸಾಲೂ ಹೋಯಿತು, ಹಕ್ಕೂ ಹೋಯಿತು.

1951ರಿಂದ 1963ರ ಚಿತ್ರಗಳ ನವೀಕರಣವನ್ನು ಅಮೆರಿಕದ ಕಾಪಿರೈಟ್ ಕಚೇರಿಯ ಆನ್‌ಲೈನ್ ದಾಖಲೆಯಲ್ಲಿ ಹುಡುಕಿ. ಅದಕ್ಕೂ ಹಿಂದಿನವಕ್ಕೆ ಕಚೇರಿಯ ಮುದ್ರಿತ ಕ್ಯಾಟಲಾಗ್‌ನ ಸ್ಕ್ಯಾನ್ ಸಂಪುಟಗಳೇ ಗತಿ; 1950ರ ಚಿತ್ರಕ್ಕೆ ಮಾತ್ರ ಎರಡನ್ನೂ ನೋಡಿ. 1940ರ ಚಿತ್ರವೆಂದರೆ 1967, 1968 ಎರಡೂ ವರ್ಷದ ಚಲನಚಿತ್ರ ಸಂಪುಟಗಳ ನವೀಕರಣ ಭಾಗ ನೋಡಬೇಕು. 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಸಿಕ್ಕಿತೆಂದರೆ ಹಕ್ಕು ಉಳಿದಿದೆ. ಸಿಗಲಿಲ್ಲವೆಂದು ಕೂಡಲೇ ಸಂಭ್ರಮಿಸಬೇಡಿ. ಪರ್ಯಾಯ ಶೀರ್ಷಿಕೆ, ಕಂಪನಿಯ ಹೆಸರು ಹಿಡಿದೂ ಹುಡುಕಿ.

ಬಹಳ ಮಂದಿ ಎಡವುವುದು ಇದರ ನಂತರ. ಚಿತ್ರದ ಹಕ್ಕು ಹೋದರೂ ಅದಕ್ಕೆ ಆಧಾರವಾದ ಕಥೆ, ನಾಟಕ, ಸಂಗೀತದ ಹಕ್ಕು ಬೇರೆಯೇ ಬದುಕಿರಬಹುದು. 'ಇಟ್ಸ್ ಎ ವಂಡರ್‌ಫುಲ್ ಲೈಫ್' (1946) ಚಿತ್ರಕ್ಕೆ 1974ರಲ್ಲಿ ನವೀಕರಣವಾಗಲಿಲ್ಲ, ಟಿವಿ ಚಾನೆಲ್‌ಗಳು ಪುಕ್ಕಟೆಯಾಗಿ ತೋರಿಸಿದವು. 1993ರಲ್ಲಿ ರಿಪಬ್ಲಿಕ್ ಪಿಕ್ಚರ್ಸ್ ಮೂಲಕಥೆ ಮತ್ತು ಸಂಗೀತದ ಹಕ್ಕು ಮುಂದಿಟ್ಟು ಅದನ್ನು ತಡೆಯಿತು. ಹಾಗಾಗಿ ಟೈಟಲ್‌ಗಳಲ್ಲಿ ಕಾಣುವ ಪ್ರತಿ ಕಥೆ, ನಾಟಕ, ಹಾಡಿಗೂ ಪುಸ್ತಕ, ನಾಟಕ, ಸಂಗೀತದ ಸಂಪುಟಗಳಲ್ಲಿ ಇದೇ ಹುಡುಕಾಟ ನಡೆಸಿ. ಇದು ಬೇಸರದ ಕೆಲಸ ನಿಜ, ಆದರೆ ಬಿಡುವಂತಿಲ್ಲ. ಹೊಸದಾಗಿ ಸೇರಿಸಿದ ಹಿನ್ನೆಲೆ ಸಂಗೀತ, ಸಬ್‌ಟೈಟಲ್‌ಗಳಿಗೂ ಅವುಗಳದೇ ಹಕ್ಕಿರುತ್ತದೆ. ಹಳೆಯ ಪ್ರಿಂಟ್‌ನಿಂದಲೇ ನಕಲು ಮಾಡಿಕೊಳ್ಳಿ.

ಈ ಲೆಕ್ಕ ನಮ್ಮ ಚಿತ್ರಗಳಿಗೆ ಒಪ್ಪುವುದಿಲ್ಲ. ಭಾರತದಲ್ಲಿ ನವೀಕರಣವೇ ಇಲ್ಲ. ತೆರೆಕಂಡ ಮರುವರ್ಷದಿಂದ 60 ವರ್ಷ. 1954ರ 'ಬೇಡರ ಕಣ್ಣಪ್ಪ' ಚಿತ್ರದ ಅವಧಿ ಇಲ್ಲಿ 2014ಕ್ಕೇ ಮುಗಿದಿದೆ. ಆದರೆ ಅಮೆರಿಕ ವಿದೇಶಿ ಕೃತಿಗಳಿಗೆ ಹಕ್ಕು ಮರಳಿಸಿದ 1996ರ ಜನವರಿ 1ರಂದು ಇಲ್ಲಿ ಹಕ್ಕು ಜೀವಂತವಿದ್ದುದರಿಂದ ಅಮೆರಿಕದಲ್ಲಿ 2049ರ ಕೊನೆಯವರೆಗೂ ರಕ್ಷಣೆಯಿದೆ. ಅಲ್ಲಿನ ಕನ್ನಡ ಸಂಘಗಳು ಪ್ರದರ್ಶನಕ್ಕೆ ಮುನ್ನ ಹಕ್ಕುದಾರರ ಅನುಮತಿ ಪಡೆಯಬೇಕು.