ಮಡಚುವ ಫೋನ್ ಕೊಳ್ಳುವ ಮೊದಲು ಒಳಪರದೆಯ ಬೆಲೆ ಕೇಳಿ

ಮಡಚುವ ಫೋನ್ ಕೊಳ್ಳಬೇಕೆಂದಿರುವವರು ಅಂಗಡಿಗೆ ಹೋಗುವ ಮೊದಲು ಅದೇ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಕರೆ ಮಾಡಿ, ಒಳಪರದೆ, ಅಂದರೆ ಫೋನ್ ಬಿಡಿಸಿದಾಗ ಕಾಣುವ ದೊಡ್ಡ ಪರದೆ, ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿ. ಆ ಮೊತ್ತವನ್ನು ಫೋನಿನ ಬೆಲೆಗೆ ಕೂಡಿಸಿ, ನೀವು ಬಳಸಲಿರುವ ತಿಂಗಳುಗಳಿಂದ ಭಾಗಿಸಿ. 2025ರಲ್ಲಿ ಭಾರತಕ್ಕೆ ಬಂದ ಸ್ಯಾಮ್‌ಸಂಗ್‌ನ ಮಡಚುವ ಫೋನ್ ಗ್ಯಾಲಕ್ಸಿ ಜೆಡ್ ಫೋಲ್ಡ್ 7ರ ಆರಂಭಿಕ ಬೆಲೆಯೇ 1,74,999 ರೂಪಾಯಿ ಇತ್ತು. ಮೂರು ವರ್ಷಕ್ಕೆ ಹಂಚಿದರೆ, ಪರದೆಯ ಖರ್ಚು ಸೇರಿಸದೆಯೇ ತಿಂಗಳಿಗೆ ಸುಮಾರು 4,860 ರೂಪಾಯಿ. ಒಳಪರದೆಯನ್ನೇ ಏಕೆ ಕೇಳಬೇಕೆಂದರೆ, ಮಡಚಲು ಬರಲೆಂದು ಅದರ ಗಾಜನ್ನು ತೀರಾ ತೆಳುವಾಗಿಸಿ ಮೇಲೆ ಪ್ಲಾಸ್ಟಿಕ್ ಪದರ ಹಾಕಿರುತ್ತಾರೆ. ಗೀರು ಬೀಳಲು ಒಂದು ಮರಳಿನ ಕಣ ಸಾಕು. ಆ ಪದರವನ್ನು ಸಾಮಾನ್ಯ ಸ್ಕ್ರೀನ್ ಗಾರ್ಡ್ ಎಂದುಕೊಂಡು ದಯವಿಟ್ಟು ಕೀಳಬೇಡಿ. 2019ರಲ್ಲಿ ಸ್ಯಾಮ್‌ಸಂಗ್‌ನ ಮೊದಲ ಫೋಲ್ಡ್‌ನಲ್ಲಿ ಹಾಗೆ ಕಿತ್ತ ಕೆಲವು ವಿಮರ್ಶಕರದೂ ಸೇರಿ ಹಲವು ಪರದೆಗಳು ಕೆಟ್ಟು, ಮಾರಾಟ ತಿಂಗಳುಗಟ್ಟಲೆ ಮುಂದೆ ಹೋಯಿತು. ಒಳಪರದೆಗೂ ಅನ್ವಯಿಸುವ ರಕ್ಷಣಾ ಯೋಜನೆ ಕೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಪರದೆಯ ಬೆಲೆಯ ಬದಲು ಯೋಜನೆಯ ಶುಲ್ಕವನ್ನೂ ದುರಸ್ತಿಯ ಹೊತ್ತಿಗೆ ಕೈಯಿಂದ ಕೊಡಬೇಕಾದ ಪಾಲನ್ನೂ ಸೇರಿಸಲಿ. ದಿನವೂ ಟ್ಯಾಬ್ಲೆಟ್ ಬಳಸುತ್ತಿದ್ದು, ಇನ್ನು ಅದು ಬೇಡ ಎನ್ನುವವರು ಒಟ್ಟು ಮೊತ್ತದಿಂದ ಒಂದು ಟ್ಯಾಬ್ಲೆಟ್‌ನ ಬೆಲೆಯನ್ನು ಕಳೆಯಬಹುದು.