ಸೂಪರ್‌ನಾಯಕಿಯರ ಉಡುಪನ್ನು ನಕಲು ಮಾಡುತ್ತ ಕಲಿತದ್ದು

ಅಮೆರಿಕದ ಹಳೆಯ ಕಾಮಿಕ್ಸ್‌ಗಳ ಸೂಪರ್‌ನಾಯಕಿಯರು ನನ್ನನ್ನು ಮೊದಲು ಸೆಳೆದದ್ದು ತಮ್ಮ ಉಡುಪಿನಿಂದಲೇ. ಚಿತ್ರ ಬರೆಯುವುದನ್ನು ವೃತ್ತಿಯಾಗಿಸಿಕೊಂಡಿರುವ ನಾನು, ಮರುಮುದ್ರಣದ ಸಂಪುಟಗಳನ್ನು ಮುಂದಿಟ್ಟುಕೊಂಡು ಒಂದೊಂದು ಕಾಲದ ಸಾಹಸದ ಉಡುಪನ್ನೂ ಪೆನ್ಸಿಲಿನಲ್ಲಿ ನಕಲು ಮಾಡಿ, ಅದರ ಪಕ್ಕದಲ್ಲಿಯೇ ಅದೇ ನಾಯಕಿ ಮಾಮೂಲಿ ದಿನಗಳಲ್ಲಿ ತೊಡುತ್ತಿದ್ದ ಬಟ್ಟೆಯನ್ನೂ ಬರೆಯುವ ರೂಢಿ ಮಾಡಿಕೊಂಡೆ. ನನಗೆ ಹೆಚ್ಚು ಕಲಿಸಿದ್ದು ಈ ಪಕ್ಕದ ಚಿತ್ರ. ಸಾಹಸದ ಉಡುಪು ಹತ್ತಾರು ವರ್ಷ ಹೆಚ್ಚುಕಡಿಮೆ ಹಾಗೆಯೇ ಉಳಿಯಬಹುದು; ಆದರೆ ಕೋಟಿನ ಭುಜ, ಲಂಗದ ಉದ್ದ, ಕೂದಲು ಕಟ್ಟಿದ ರೀತಿ ಇವು ಕಾಲವನ್ನು ಮುಚ್ಚಿಡಲಾರವು.

1941ರ ಕೊನೆಯಲ್ಲಿ ಕಾಣಿಸಿಕೊಂಡ ವಂಡರ್ ವುಮನ್‌ಗೆ ಚಿತ್ರಕಾರ ಎಚ್. ಜಿ. ಪೀಟರ್ ತೊಡಿಸಿದ್ದು ಬಿಳಿ ನಕ್ಷತ್ರಗಳಿರುವ ನೀಲಿ ಲಂಗ. ಅದನ್ನು ಬರೆಯುವಾಗ ಒಂದು ವಿಷಯ ಗಮನಕ್ಕೆ ಬಂತು: ಲಂಗದ ಅಂಚು ಯಾವ ಕಡೆಗೆ ಹಾರಿದೆಯೆಂದು ನೋಡಿದರೆ ಸಾಕು, ಆಕೆ ಎತ್ತ ಓಡುತ್ತಿದ್ದಾಳೆಂದು ತಿಳಿಯುತ್ತದೆ. ಅದು ಬಹುಬೇಗ ಮೈಗಂಟಿದ ಚಡ್ಡಿಯಾದ ಮೇಲೆ ಆ ವೇಗವನ್ನು ಕಾಲು, ಕೂದಲುಗಳಿಂದಲೇ ತೋರಿಸಬೇಕಾಯಿತು. ಕಪ್ಪು ಕೂದಲಿನ ಹೊಳಪಿಗೆ ನೀಲಿಯನ್ನೇ ಬಳಸುತ್ತಿದ್ದ ಅಂದಿನ ಅಗ್ಗದ ನಾಲ್ಕು ಬಣ್ಣದ ಮುದ್ರಣವನ್ನು ಅನುಸರಿಸಿ, ನಾನೂ ಅಚ್ಚ ಕೆಂಪು, ಹಳದಿ, ನೀಲಿಗಳಿಗೇ ಅಂಟಿಕೊಂಡೆ.

ಅದೇ 1941ರಲ್ಲಿ ಪತ್ರಿಕೆಗಳ ಭಾನುವಾರದ ಪುಟಗಳಿಗಾಗಿ ಟಾರ್ಪೆ ಮಿಲ್ಸ್ ಆರಂಭಿಸಿದ 'ಮಿಸ್ ಫ್ಯೂರಿ'ಯ ಮೇಲೆ ನನಗೆ ವಿಶೇಷ ಅಭಿಮಾನ. ತಾನು ಹೆಣ್ಣೆಂದು ಓದುಗರಿಗೆ ತಿಳಿಯದಿರಲೆಂದು ಜೂನ್ ಎಂಬ ತನ್ನ ಮೊದಲ ಹೆಸರನ್ನು ಬಿಟ್ಟು ಸಹಿ ಮಾಡುತ್ತಿದ್ದ ಈ ಕಲಾವಿದೆಯ ನಾಯಕಿ ಮಾರ್ಲಾ ಡ್ರೇಕ್, ವೇಷಗಳ ಔತಣಕೂಟಕ್ಕೆ ತಾನು ಆರಿಸಿಕೊಂಡ ಉಡುಪನ್ನೇ ಇನ್ನೊಬ್ಬಳೂ ತೊಡಲಿದ್ದಾಳೆಂದು ತಿಳಿದು, ಅದರ ಬದಲು ಕರಿಚಿರತೆಯ ಚರ್ಮವನ್ನು ತೊಡುತ್ತಾಳೆ. ಮುಂದಿನ ಕಥೆಗಳಲ್ಲಿ ಆ ಚರ್ಮ ಅಪರೂಪ. ಪುಟಗಳನ್ನು ತುಂಬುವುದು ಗೌನುಗಳು, ಟೋಪಿಗಳು, ಒಳಉಡುಪುಗಳು. ಅವುಗಳ ನೆರಿಗೆಯನ್ನು ನಕಲು ಮಾಡುವಾಗ, ಬಟ್ಟೆ ಎಲ್ಲಿ ಬಿಗಿಯುತ್ತದೆ, ಎಲ್ಲಿ ಇಳಿಬೀಳುತ್ತದೆ ಎಂಬುದನ್ನು ಮಿಲ್ಸ್ ಎಷ್ಟು ಚೆನ್ನಾಗಿ ಬಲ್ಲವಳೆಂದು ಗೆರೆಗೆರೆಯಲ್ಲೂ ಅರಿವಾಗುತ್ತದೆ.

1954ರ ಕಾಮಿಕ್ಸ್ ಸಂಹಿತೆ, ಅಂದರೆ ಪ್ರಕಾಶಕರು ತಾವೇ ಹಾಕಿಕೊಂಡ ನಿಯಮಾವಳಿ, ಹೆಣ್ಣಿನ ಮೈಯನ್ನು ಉತ್ಪ್ರೇಕ್ಷಿಸಿ ಬರೆಯಬಾರದೆಂದು ವಿಧಿಸಿದ ನಂತರದ ಉಡುಪುಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮತ್ತೆ ಕೈ ಚುರುಕಾದದ್ದು 1968ಕ್ಕೆ ಬಂದಾಗ. ಆ ವರ್ಷ ವಂಡರ್ ವುಮನ್ ತನ್ನ ಶಕ್ತಿಯನ್ನೂ ನಕ್ಷತ್ರದ ಉಡುಪನ್ನೂ ಬಿಟ್ಟುಕೊಟ್ಟು, ತನ್ನ ಮಾಮೂಲಿ ದಿನಗಳ ಹೆಸರಿನ ಬರಿಯ ಡಯಾನಾ ಪ್ರಿನ್ಸ್ ಆಗಿ ಬಟ್ಟೆಯಂಗಡಿ ತೆರೆಯುತ್ತಾಳೆ. ಮೈಕ್ ಸೆಕೋವ್ಸ್ಕಿ ಬರೆದ ಆ ಪುಟಗಳಲ್ಲಿ ಆಕೆ ಅಂದಿನ ಫ್ಯಾಷನ್ನಿನ ಬಟ್ಟೆ ತೊಟ್ಟೇ ಹೊಡೆದಾಡುತ್ತಾಳೆ. ಹೀಗಾಗಿ ನಾನು ಅಕ್ಕಪಕ್ಕ ಬರೆಯುತ್ತಿದ್ದ ಎರಡು ಚಿತ್ರಗಳು ಅಲ್ಲಿ ಒಂದಾದವು. 1972ರಲ್ಲಿ 'ಮಿಜ್' (Ms.) ಎಂಬ ಸ್ತ್ರೀವಾದಿ ಪತ್ರಿಕೆಯ ಮುಖಪುಟಕ್ಕೆ ವಂಡರ್ ವುಮನ್‌ಳನ್ನು ತಂದ ಸ್ತ್ರೀವಾದಿ ಲೇಖಕಿ ಗ್ಲೋರಿಯಾ ಸ್ಟೈನೆಮ್ ಅವರಿಗೆ ಶಕ್ತಿಹೀನ ಡಯಾನಾ ಒಪ್ಪಿಗೆಯಾಗಿರಲಿಲ್ಲ. 1973ರ ಸಂಚಿಕೆಗಳಲ್ಲಿ ಶಕ್ತಿಯೂ ಹಳೆಯ ಉಡುಪೂ ಮರಳಿದವು. ಶಕ್ತಿ ಮರಳಿದ್ದು ನ್ಯಾಯವೇ. ಆದರೂ ಬಟ್ಟೆ ಬರೆಯುವುದನ್ನು ಕಲಿಯಬೇಕೆನ್ನುವವರಿಗೆ ನಾನು ಮೊದಲು ಕೊಡುವುದು ಆ ನಡುವಿನ ವರ್ಷಗಳ ಸಂಚಿಕೆಗಳನ್ನೇ.